ಬಿದ್ದದ್ದೂ ಬೀಳಿಸಿದ್ದೂ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇಂಗ್ಲಿಷಿನ ಒಂದು ಕ್ರಿಯಾಪದದ ಮೇಲೆ ಇಷ್ಟೇಕೆ ಮಮತೆ ಎಂದು ಸ್ನೇಹಿತರು ಕೇಳುವುದುಂಟು. ಮಮತೆಗಿಂತ ಅದನ್ನು ಋಣವೆನ್ನುವುದೇ ಸರಿ. ಆ ಪದವನ್ನು ನಾನು ಕಲಿಯುವ ಸಲುವಾಗಿ ನಮ್ಮ ಮನೆ ಒಂದು ಹಲಸಿನ ಮರವನ್ನೂ, ಅಪ್ಪಯ್ಯ ಒಂದು ದಿನದ ಮಾನವನ್ನೂ ತೆತ್ತದ್ದುಂಟು.

ನಮ್ಮದು ಸಿದ್ದಾಪುರ ತಾಲೂಕಿನ ಹಳ್ಳಿ. ಹಳ್ಳಿಯೆಂದರೆ ನಾಲ್ಕು ಮನೆ, ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅಷ್ಟೆ. 1995ರ ಬೇಸಗೆಯಲ್ಲಿ ನಾನು ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ್ದೆ. ಮುಂದಿನ ಓದಿಗೆ ಶಿರಸಿಯಲ್ಲಿ ಬಿಡಾರ ಮಾಡಬೇಕು. ಹಿಂದಿನ ಮಳೆಗಾಲದಲ್ಲಿ ಕೊಳೆರೋಗ ಬಂದು ತೋಟದ ಅರ್ಧ ಅಡಿಕೆ ಉದುರಿ ಹೋಗಿತ್ತು. ಕೈಯಲ್ಲಿ ಕಾಸಿಲ್ಲ. ಉಳಿದದ್ದು ಅಂಗಳದಾಚೆಯ ಹಲಸಿನ ಮರ, ಅಜ್ಜ ನೆಟ್ಟದ್ದು. ಅದರ ಬಕ್ಕೆ ಹಲಸಿನ ಹಪ್ಪಳಕ್ಕೆ ನೆಂಟರಿಷ್ಟರಲ್ಲಿ ಒಳ್ಳೆಯ ಹೆಸರಿತ್ತು.

ಮರ ಕಡಿಯುವುದಕ್ಕೆ ಸರಕಾರದ ಪರವಾನಗಿ ಬೇಕು. ಕನ್ನಡದಲ್ಲಿ ಅರ್ಜಿ ಬರೆದರೂ ಕೆಲಸ ನಡೆಯುತ್ತಿತ್ತು. ಆದರೆ ನೆರೆಮನೆಯ ಹಿರಿಯರೊಬ್ಬರು ಮುಂಬಯಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾಗಿ ಬಂದಿದ್ದರು. ಇಂಗ್ಲಿಷ್ ಅರ್ಜಿಗೆ ಕಾಲು ಬೇಗ ಬರುತ್ತದೆ ಎಂಬುದು ಅವರ ಜೀವಮಾನದ ಅನುಭವ. ಅವರೇ ಕರಡು ಬರೆದುಕೊಟ್ಟರು. ಅಕ್ಷರ ದುಂಡಗಿದೆ ಎಂದು ಶುದ್ಧಪ್ರತಿಯ ಕೆಲಸ ನನ್ನ ಪಾಲಿಗೆ ಬಂತು.

ಕರಡಿನಲ್ಲಿ ‘ಟು ಫೆಲ್ ಒನ್ ಜ್ಯಾಕ್ ಟ್ರೀ’ ಎಂದಿತ್ತು. ನನಗೆ ನಗು ಬಂತು. ‘ಫಾಲ್, ಫೆಲ್, ಫಾಲನ್’ ಎಂದು ಜಗುಲಿಯ ಕಂಬಗಳಿಗೂ ಬಾಯಿಪಾಠವಾಗುವಷ್ಟು ಉರುಹಚ್ಚಿದವನು ನಾನು. ‘ಟು’ ಬಂದರೆ ಮುಂದೆ ಕ್ರಿಯಾಪದದ ಮೊದಲ ರೂಪವೇ ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಮುಂಬಯಿಯಲ್ಲಿ ಮೂವತ್ತು ವರ್ಷ ಬರೆದವರಿಗೂ ಇಷ್ಟು ತಿಳಿಯದೆ? ಪೆನ್ಸಿಲಿನಿಂದ ‘ಫೆಲ್’ ಹೊಡೆದು ಮೇಲೆ ‘ಫಾಲ್’ ಎಂದು ತಿದ್ದಿದೆ.

“ಅವರು ಬರೆದದ್ದು ತಪ್ಪಾ?” ಎಂದು ಅಪ್ಪಯ್ಯ ಕೇಳಿದ.

“ತಪ್ಪು ಅಪ್ಪಯ್ಯಾ, ಅದು ಭೂತಕಾಲ” ಎಂದೆ.

ಅಪ್ಪಯ್ಯನ ಮುಖದಲ್ಲಿ ಆಗ ಮೂಡಿದ ಸಂತೋಷ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರ ಮಾರಿ ಓದಿಸುವುದು ವ್ಯರ್ಥವಾಗಲಾರದು ಎಂಬ ಧೈರ್ಯ ಅವನಿಗೆ ಬಂದಿತ್ತೆಂದು ತೋರುತ್ತದೆ.

ಮರುದಿನ ಇಬ್ಬರೂ ಪೇಟೆಯ ಕಚೇರಿಗೆ ಹೋದೆವು. ಮೇಜಿನಾಚೆಯ ಮಹನೀಯರು ಅರ್ಜಿಯನ್ನು ಎರಡು ಸಲ ಓದಿದರು. ಮೂರನೆಯ ಸಲ ಪಕ್ಕದವರಿಗೂ ಕೇಳುವಂತೆ ಓದಿ, “ಬೀಳೋದಕ್ಕೆಲ್ಲ ಪರವಾನಗಿ ಯಾಕ್ರೀ? ಬೀಳ್ರಿ, ಯಾರು ಬೇಡ ಅಂದ್ರು!” ಎಂದರು. ಕಚೇರಿಗೆ ಕಚೇರಿಯೇ ನಕ್ಕಿತು. ಎಲ್ಲರೂ ನಗುತ್ತಿದ್ದಾರೆಂದು ಅಪ್ಪಯ್ಯನೂ ನಕ್ಕ. ಆ ನಗೆಯೊಂದನ್ನು ನಾನು ನೋಡಬಾರದಿತ್ತು. ಅರ್ಜಿ ಹಿಂದಕ್ಕೆ ಬಂತು. ದಾರಿಯುದ್ದಕ್ಕೂ ಅವನು ಏನೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಅವಲಕ್ಕಿ ಕೊಡಿಸಿ ತಾನು ಬರಿಯ ಚಹ ಕುಡಿದ.

ನೆರೆಯ ಹಿರಿಯರು ಸಿಟ್ಟಾಗಲಿಲ್ಲ. “ಅದು ಬೇರೆ ಪದ, ತಮ್ಮಾ. ಫೆಲ್, ಫೆಲ್ಡ್, ಫೆಲ್ಡ್. ತಾನಾಗಿ ಬಿದ್ದರೆ ಒಂದು, ನಾವು ಕೆಡಹಿದರೆ ಇನ್ನೊಂದು” ಎಂದು ನಿಘಂಟು ತೆಗೆದು ತೋರಿಸಿದರು.

ಇದರ ಒಳಗುಟ್ಟು ತಿಳಿದದ್ದು ಮುಂದೆ ಧಾರವಾಡದಲ್ಲಿ ಎಂ.ಎ. ಓದುವಾಗ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಓದುತ್ತ ‘ಇಸು’ ಪ್ರತ್ಯಯಕ್ಕೆ ಬಂದಾಗ ಥಟ್ಟನೆ ಹಲಸಿನ ಮರ ನೆನಪಾಯಿತು. ನಾವು ಬೀಳು ಎಂಬುದಕ್ಕೆ ‘ಇಸು’ ಹಚ್ಚಿ ಬೀಳಿಸು ಎನ್ನುತ್ತೇವೆ. ಹಳೆಯ ಇಂಗ್ಲಿಷಿನವರು ಹಾಗೆ ಬಾಲ ಕಟ್ಟಿದ್ದು ಸವೆದುಹೋಗಿ, ಒಳಗಿನ ಸ್ವರ ಬದಲಾದದ್ದು ಮಾತ್ರ ಉಳಿಯಿತು. ಫಾಲ್ ಬೀಳುವುದು, ಫೆಲ್ ಬೀಳಿಸುವುದು. ಸಿಟ್ ಕೂರುವುದು, ಸೆಟ್ ಕೂರಿಸುವುದು. ಲೈ ಮಲಗುವುದು, ಲೇ ಮಲಗಿಸುವುದು. ನಮ್ಮ ಏಳು, ಎಬ್ಬಿಸು ಎಂಬಂತೆಯೇ. ಬೀಳಿಸುವ ಪದ ಮೊದಲ ರೂಪದಲ್ಲಿಯೇ ಬೀಳುವ ಪದದ ಭೂತಕಾಲದ ವೇಷ ತೊಟ್ಟು ನಿಂತದ್ದೇ ನನಗೆ ಬಂದ ಗಂಡಾಂತರ. ಬಳಕೆಯಲ್ಲಿಯೂ ಅದು ಗತ್ತಿನ ಪದ. ಕೊಂಬೆ ಸವರಿದರೆ ಅದು ಸಲ್ಲದು. ನಿಂತ ಮರವೇ ನೆಲ ಕಾಣಬೇಕು. ಒಂದೇ ಏಟಿಗೆ ಮನುಷ್ಯನನ್ನು ಕೆಡಹಿದರೂ ಸಲ್ಲುತ್ತದೆ.

ನಮ್ಮ ಸೀಮೆಗೆ ಈ ಪದ ಹೊಸದಲ್ಲ. ಕಾಡನ್ನು ಪೂರ್ತಿ ಬೋಳಿಸಿ ಸಾಗವಾನಿ ನೆಡುವುದಕ್ಕೆ ‘ಕ್ಲಿಯರ್ ಫೆಲಿಂಗ್’ ಎಂಬ ಹೆಸರು ಕಾಗದಪತ್ರಗಳಲ್ಲಿ ಬಹುಕಾಲ ಓಡಾಡಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯವರು ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತು, ಅದಕ್ಕೆ ಇನ್ನೊಂದು ಕ್ರಿಯಾಪದದಿಂದ ಉತ್ತರ ಕೊಟ್ಟರು: ‘ಅಪ್ಪಿಕೋ’. ಹಿಮಾಲಯದ ‘ಚಿಪ್ಕೋ’ಗೆ ಕನ್ನಡದ ತಂಗಿ. ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಹಗ್’ ಎಂದು ಬರೆದವು. ಅಪ್ಪು ಎಂಬುದರ ಅರ್ಥ ಬಂತು. ‘ಕೊಳ್ಳು’ ಎಂಬುದು, ತನ್ನದಾಗಿ ಮಾಡಿಕೊಳ್ಳುವ ಆ ಭಾವ, ಹೊರಗೇ ಉಳಿಯಿತು. ಆ ದಿನಗಳಲ್ಲಿ ಅಪ್ಪಯ್ಯನೂ ಒಮ್ಮೆ ಅಲ್ಲಿಗೆ ಹೋಗಿ ಬಂದಿದ್ದನಂತೆ. ನನಗಾಗ ನಾಲ್ಕು ವರ್ಷ. ಹೀಗೆ ಕಾಡಿನ ಮರವನ್ನು ಅಪ್ಪಿಕೊಂಡವನು ಹನ್ನೆರಡು ವರ್ಷಕ್ಕೆ ಮನೆಯ ಮರಕ್ಕೆ ಅರ್ಜಿ ಹಿಡಿದು ನಿಂತಿದ್ದ.

ತಿದ್ದಿದ ಅರ್ಜಿಗೆ ಪರವಾನಗಿ ಸಿಕ್ಕಿತು. ಮಳೆ ಹಿಡಿಯುವ ಮೊದಲು ಇಬ್ಬರು ಆಳುಗಳು ಕೊಡಲಿ, ಗರಗಸ, ಹಗ್ಗ ತಂದರು. ಮರದ ತುಂಬ ಕಾಯಿಗಳಿದ್ದವು. ಅಮ್ಮಮ್ಮ ಹಿಂದಿನ ದಿನವೇ ಬಲಿತವನ್ನು ಇಳಿಸಿ ಹಪ್ಪಳಕ್ಕೆ ಕೂತಿದ್ದಳು. ಆ ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆಯ ಹಂಚು ಅದುರುವಂಥ ಸದ್ದಾಯಿತು. ನಾನು ಒಳಗೋಡಿ, “ಅಮ್ಮಮ್ಮಾ, ಮರ ಬಿತ್ತು!” ಎಂದೆ.

“ಬಿದ್ದಿದ್ದಲ್ಲ ಮಾಣಿ, ಬೀಳ್ಸಿದ್ದು” ಎಂದಳು, ಮಣೆಯ ಮೇಲಿನ ಹಿಟ್ಟಿನಿಂದ ಕಣ್ಣೆತ್ತದೆ.

ಈಗ ನಾನು ಯಲ್ಲಾಪುರದಲ್ಲಿ ಪಾಠ ಹೇಳುತ್ತೇನೆ. ಗಾಳಿಗೆ ಬಿದ್ದರೂ, ರಸ್ತೆ ಅಗಲಿಸಲು ಕೊಯ್ದರೂ, ನಮ್ಮ ಹುಡುಗರು ಪ್ರಬಂಧದಲ್ಲಿ ‘ಮರಗಳು ಧರೆಗುರುಳಿದವು’ ಎಂದೇ ಬರೆಯುತ್ತಾರೆ. ಪತ್ರಿಕೆಗಳಿಂದ ಕಲಿತದ್ದಿರಬೇಕು, ಈ ಮಾತು ಅಚ್ಚಾಗುವುದೂ ಪತ್ರಿಕೆಯಲ್ಲೇ, ಸಂಪಾದಕರು ಕ್ಷಮಿಸಲಿ. ನಾನು ಅಂಚಿನಲ್ಲಿ ಕೆಂಪು ಮಸಿಯಿಂದ ‘ಉರುಳಿದವೋ? ಉರುಳಿಸಿದರೋ?’ ಎಂದು ಬರೆಯುತ್ತೇನೆ. ಮೇಷ್ಟ್ರಿಗೆ ವ್ಯಾಕರಣದ ಹುಚ್ಚು ಎಂದು ಅವರು ನಗುತ್ತಾರೆ.

ಹೋದ ವರ್ಷ ಅಪ್ಪಯ್ಯ ತೀರಿಕೊಂಡ. ಅವನ ಟ್ರಂಕಿನಲ್ಲಿ ತೋಟದ ಕಾಗದಗಳ ನಡುವೆ ಆ ಕರಡು ಸಿಕ್ಕಿತು. ನನ್ನ ಪೆನ್ಸಿಲಿನ ಗೀಟು ಮಾಸಿದೆ. ಮುಂಬಯಿಯವರ ‘ಫೆಲ್’ ಸ್ಪಷ್ಟವಾಗಿದೆ. ಹಿಂಬದಿಯಲ್ಲಿ ಅಪ್ಪಯ್ಯನ ಕೈಯ ಲೆಕ್ಕ: ‘ಹಲಸಿನ ಮರ ಕಡಿಸಿದ್ದು, ಬಂದದ್ದು ರೂ. 6,000. ಮಾಣಿಯ ಓದಿಗೆ.’