ನೆಲಕ್ಕೆ ಇಳಿದ ಬಣ್ಣ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಎಪ್ಪತ್ತು, ಎಂಬತ್ತರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ನೆಲ ಅಂದರೆ ಕೆಂಪು ನೆಲವೇ. ಜಗಲಿ, ನಡುಮನೆ, ದೇವರ ಕೋಣೆ ಎಲ್ಲಕ್ಕೂ ರೆಡ್ ಆಕ್ಸೈಡ್. ಅಡುಗೆಮನೆಗೆ ಕೆಲವರು ಕಪ್ಪು ಹಾಕಿಸುತ್ತಿದ್ದರು. ಅನುಕೂಲ ಇದ್ದವರು ನಡುಮನೆಯ ಸುತ್ತ ಒಂದು ಹಸಿರು ಪಟ್ಟಿ ಎಳೆಸುತ್ತಿದ್ದರು. ನಮ್ಮ ಅಪ್ಪ ಆ ನೆಲ ಹಾಕುವ ಗಾರೆ ಮೇಸ್ತ್ರಿ. ಶಾಲೆಗೆ ರಜೆ ಬಂತೆಂದರೆ ನಾನೂ ಬಾಂಡ್ಲಿ ಹಿಡಿದು ಅವರ ಹಿಂದೆ ಹೋಗುತ್ತಿದ್ದೆ. ಮುಂದೆ ಅದೇ ನನ್ನ ಕಸುಬೂ ಆಯಿತು.

ಆಗ ಸಿಮೆಂಟು ಅಂಗಡಿಗೆ ಹೋಗಿ ಬೇಕಾದಷ್ಟು ಹೊತ್ತು ತರುವ ಸಾಮಾನಾಗಿರಲಿಲ್ಲ. ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿದ್ದವು. ಪರ್ಮಿಟ್ ಇಲ್ಲದೆ ಮೂಟೆ ಸಿಗುತ್ತಿರಲಿಲ್ಲ. 1982ರಲ್ಲಿ ಆ ನಿಯಂತ್ರಣ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಪರ್ಮಿಟ್ಟಿನ ಕಾಲದಲ್ಲಿ ಗೋಡೆಯನ್ನು ಮಣ್ಣಲ್ಲೋ ಸುಣ್ಣದಲ್ಲೋ ಎಬ್ಬಿಸಿ, ಸಿಕ್ಕ ಸಿಮೆಂಟನ್ನು ನೆಲಕ್ಕೆಂದು ಎತ್ತಿಟ್ಟವರನ್ನು ನಾನು ನೋಡಿದ್ದೇನೆ. ಅಷ್ಟು ಕಷ್ಟಪಟ್ಟು ತಂದದ್ದನ್ನು ಹಾಳು ಮಾಡುವ ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ? ಹಾಗಾಗಿ ನೆಲದ ಕೆಲಸ ಗೊತ್ತಿದ್ದವರಿಗೆ ಊರಲ್ಲಿ ಬೇರೆಯದೇ ಮರ್ಯಾದೆ ಇತ್ತು.

ನೆಲ ಹಾಕುವ ದಿನ ಬೆಳಿಗ್ಗೆ ಮೊದಲು ಪುಡಿ ಕಲಸಬೇಕು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಬಣ್ಣ, ನೀರು ಮುಟ್ಟಿಸದೆ. ಇಡೀ ಕೋಣೆಗೆ ಸಾಕಾಗುವಷ್ಟನ್ನು ಒಂದೇ ಸಲ ಕಲಸಿ, ಹಳೆಯ ಪಂಚೆಯಲ್ಲಿ ಜರಡಿ ಹಿಡಿದು, ಡಬ್ಬದಲ್ಲಿ ಮುಚ್ಚಿಡುತ್ತಿದ್ದರು. ನಡುವೆ ಸಾಲದೆ ಬಂದು ಇನ್ನೊಮ್ಮೆ ಕಲಸಿದರೆ ಬಣ್ಣ ಒಂದೆಳೆ ಆಚೀಚೆ ಆಗಿಯೇ ಆಗುತ್ತದೆ. ಎರಡು ಬಣ್ಣ ಸೇರಿದ ಆ ಗೆರೆ ಮನೆ ಇರುವವರೆಗೂ ಕಾಣುತ್ತದೆ.

ಕೆಳಗೆ ಜಲ್ಲಿ ಹಾಕಿ ದಮ್ಮಸ್ಸು ಮಾಡಿದ ತಳ ಇರುತ್ತಿತ್ತು. ಅದರ ಮೇಲೆ ಮುಕ್ಕಾಲು ಇಂಚು ದಪ್ಪಕ್ಕೆ ಗಾರೆ ಹರಡಿ, ಮಟ್ಟಗೋಲು ಎಳೆದು, ಕಾಯಬೇಕು. ಈ ಕಾಯುವುದರಲ್ಲೇ ವಿದ್ಯೆ ಇದ್ದದ್ದು. ಅಪ್ಪ ಗಡಿಯಾರ ನೋಡುತ್ತಿರಲಿಲ್ಲ. ಹೆಬ್ಬೆರಳಿಂದ ಗಾರೆಯನ್ನು ಒತ್ತುತ್ತಿದ್ದರು. ಬೆರಳು ಒಳಗೆ ಹೋದರೆ ಇನ್ನೂ ಹೊತ್ತಿದೆ. ಅಚ್ಚು ಮಾತ್ರ ಮೂಡಿ ಬೆರಳಿಗೆ ತೇವ ತಾಗಿದರೆ ಅದೇ ಹೊತ್ತು. ತೇವವೂ ತಾಗದಿದ್ದರೆ ಕೈ ಮೀರಿತು, ಆ ಗಾರೆ ಕಿತ್ತು ಹಾಕಬೇಕು. ಬೇಸಿಗೆಯಲ್ಲಿ ಈ ಹೊತ್ತು ಬೇಗ ಬಂದು ಬೇಗ ಹೋಗುತ್ತದೆ, ಜಡಿಮಳೆಯಲ್ಲಿ ಬರುವುದೇ ಇಲ್ಲ ಅನ್ನಿಸುತ್ತದೆ.

ಹೊತ್ತು ಸಿಕ್ಕಿತೆಂದರೆ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು, ಬಿತ್ತನೆ ಮಾಡಿದ ಹಾಗೆ ಒಂದೇ ಸಮ ಉದುರಿಸುತ್ತಿದ್ದರು. ಕೆಳಗಿನ ಗಾರೆಯ ನೀರು ಮೇಲೇರಿ ಪುಡಿಯನ್ನು ನೆನೆಸುತ್ತದೆ. ಮಂಕಾಗಿದ್ದ ಪುಡಿ ಕ್ಷಣದಲ್ಲಿ ದಟ್ಟ ಕೆಂಪಾಗುವುದನ್ನು ನೋಡುವುದೇ ಒಂದು ಸಂತೋಷ. ಆಗ ಉಕ್ಕಿನ ಕರಣೆ ಒತ್ತಿ ತಿಕ್ಕಬೇಕು, ಮತ್ತೆ ತಿಕ್ಕಬೇಕು, ಸಿಮೆಂಟಿನ ಕಣ್ಣೆಲ್ಲ ಮುಚ್ಚಿ ಮೈ ಹೊಳೆಯುವವರೆಗೆ. ಒಳಗಿನ ಮೂಲೆಯಿಂದ ಶುರು ಮಾಡಿ ಕುಕ್ಕರಗಾಲಲ್ಲೇ ಹಿಂದಕ್ಕೆ ಸರಿಯುತ್ತಾ ಬಾಗಿಲ ತನಕ ಬರಬೇಕು. ಮಧ್ಯೆ ಏಳುವಂತಿಲ್ಲ. ಮನೆಯಾಕೆ ಬಾಗಿಲಲ್ಲಿ ನಿಂತು, “ಮೇಸ್ತ್ರಿ, ಒಂದು ಲೋಟ ಮಜ್ಜಿಗೆ ಆದ್ರೂ ಕುಡೀರಿ” ಅನ್ನುತ್ತಿದ್ದರು. ಅಪ್ಪ ತಲೆ ಎತ್ತದೆ, “ಬಾಗ್ಲಿಗೆ ಬಂದ್ಮೇಲೆ ಕುಡೀತೀನಿ ಅಮ್ಮಾ” ಅನ್ನುತ್ತಿದ್ದರು.

ಈ ಕಸುಬಿನ ಮಾತು ಬಂದಾಗ ಮೇಸ್ತ್ರಿಯ ಹೆಸರೊಂದೇ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಗಾರೆ ಕಲಸುತ್ತಿದ್ದವರು ಹೆಣ್ಣಾಳುಗಳು. ಗಾರೆಗೆ ನೀರು ಹೆಚ್ಚಾದರೆ ನೆಲ ಒಣಗುವಾಗ ಬಿರುಕು ಬಿಡುತ್ತದೆ, ಕಡಿಮೆಯಾದರೆ ಪುಡಿ ನೆನೆಯುವುದಿಲ್ಲ. ಆ ಹದ ನಮ್ಮ ಜೊತೆಗಿದ್ದ ಹಿರಿಯ ಹೆಂಗಸೊಬ್ಬರ ಕೈಯಲ್ಲಿತ್ತು. ಅವರು ಬರದ ದಿನ ಅಪ್ಪ ನೆಲದ ಕೆಲಸ ಹಿಡಿಯುತ್ತಿರಲಿಲ್ಲ. ಅಂಥ ಕೈಗೂ ಕೂಲಿ ಗಂಡಾಳಿಗಿಂತ ಕಡಿಮೆಯೇ. ನೆಲ ಮುಗಿದ ಮೇಲೆ ಸುತ್ತ ಮಣ್ಣಿನ ಬದು ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸಿ ಕಾಯುವುದು, ಆಮೇಲೆ ತೆಂಗಿನ ನಾರಿಗೆ ಎಣ್ಣೆ ಹಚ್ಚಿ ಮಂಡಿಯೂರಿ ಉಜ್ಜುವುದು ಮನೆಯ ಹೆಂಗಸರ ಪಾಲು. ಹಬ್ಬ ಬಂದರೆ ಮ್ಯಾನ್ಷನ್ ಪಾಲಿಶ್ ಡಬ್ಬಿ ತಂದು ಮತ್ತೊಮ್ಮೆ. ಹಳೆಯ ಕೆಂಪು ನೆಲದಲ್ಲಿ ಮುಖ ಕಾಣುತ್ತದೆ ಎಂದು ಈಗ ಮೆಚ್ಚುತ್ತೇವಲ್ಲ, ಆ ಹೊಳಪಿನಲ್ಲಿ ಅರ್ಧ ಅವರ ಮೊಣಕೈಯದು.

ಬಣ್ಣ ಇಷ್ಟು ವರ್ಷ ಮಾಸದೆ ಉಳಿದದ್ದಕ್ಕೆ ಕಾರಣ ಸರಳ. ರೆಡ್ ಆಕ್ಸೈಡ್ ಅಂದರೆ ಕಬ್ಬಿಣದ ಆಕ್ಸೈಡ್, ಕೆಮ್ಮಣ್ಣನ್ನು ಕೆಂಪಾಗಿಸುವ ವಸ್ತುವೇ ಅದು. ಸಿಮೆಂಟು ಗಟ್ಟಿಯಾಗುವಾಗ ಒಳಗೆ ಸುಣ್ಣ ಹುಟ್ಟುತ್ತದೆ; ಆ ಕ್ಷಾರ ಎಷ್ಟೋ ಬಣ್ಣಗಳನ್ನು ತಿಂದುಹಾಕುತ್ತದೆ. ಕಬ್ಬಿಣದ ಆಕ್ಸೈಡನ್ನು ಅದು ಏನೂ ಮಾಡಲಾರದು, ಬಿಸಿಲೂ ಮಾಡಲಾರದು. ಅಂಕೋಲಾ, ಕುಮಟಾ ಕಡೆಯ ಹಳೆಯ ಗುಡಿಗಳ ಗೋಡೆಯಲ್ಲಿ ಕಾವಿ ಕಲೆ ನೋಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲೂ ಹಸಿ ಸುಣ್ಣದ ಗಾರೆಗೆ ಕೆಂಪು ಸೇರಿಸಿ, ಕೆರೆದು, ಕೆಳಗಿನ ಬಿಳಿಯನ್ನು ತೋರಿಸುತ್ತಾರೆ. ಬಣ್ಣ ಗಾರೆಯ ಮೇಲೆ ಕೂತಿಲ್ಲ, ಗಾರೆಯ ಜೊತೆಗೇ ಕಲ್ಲಾಗಿದೆ.

ನಮ್ಮ ಮಲೆನಾಡಿನಲ್ಲಿ ಇದನ್ನು ತಿಳಿಯಲು ಗುಡಿಗೂ ಹೋಗಬೇಕಾಗಿಲ್ಲ, ಅಡಿಕೆ ಬೇಯಿಸುವ ಒಲೆಯ ಹತ್ತಿರ ಹೋದರೆ ಸಾಕು. ಹಂಡೆಯಿಂದ ಚೊಗರು, ಅಂದರೆ ಅಡಿಕೆ ಬೆಂದ ನೀರು, ಚೆಲ್ಲಿದ ಸಿಮೆಂಟು ಕಟ್ಟೆಯನ್ನು ಎಷ್ಟು ತಿಕ್ಕಿದರೂ ಆ ಕಂದುಗೆಂಪು ಹೋಗುವುದಿಲ್ಲ, ನಾಲ್ಕು ತಿಂಗಳ ಮಳೆ ಸುರಿದರೂ ಹೋಗುವುದಿಲ್ಲ. ಅದೇ ಮನೆಯ ಮೆಟ್ಟಿಲಿಗೆ ಹಚ್ಚಿದ ಎಣ್ಣೆಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳವಾಗಿ ಏಳುತ್ತದೆ. ಚೊಗರು ನೀರಿನ ಜೊತೆ ಸಿಮೆಂಟಿನ ರಂಧ್ರಕ್ಕೆ ಇಳಿಯಿತು, ಎಣ್ಣೆಬಣ್ಣ ಮೇಲೇ ಉಳಿಯಿತು. ತೋಟಕ್ಕೆ ಹಾಕಲು ತಂದ ಅನ್ನಭೇದಿ ಮೂಟೆ ಒದ್ದೆಯಾದ ಗೋದಾಮಿನ ನೆಲವನ್ನೂ ನೋಡಿದ್ದೇನೆ. ಅದರಲ್ಲಿರುವ ಕಬ್ಬಿಣ ಸಿಮೆಂಟಿನ ಸುಣ್ಣದ ಜೊತೆ ಸೇರಿ ತುಕ್ಕಾಗಿ, ಅಳಿಸಲಾಗದ ಹೊಂಬಣ್ಣ ಬಿಟ್ಟಿತ್ತು. ಆಗ ಅದನ್ನು ಕಲೆ ಎಂದು ಬೈದರು. ಈಗ ಅದೇ ಬಣ್ಣ ಬೇಕೆಂದು ಅನ್ನಭೇದಿಯನ್ನು ನೀರಲ್ಲಿ ಕರಗಿಸಿ ಬೇಕೆಂತಲೇ ಹಚ್ಚುವವರಿದ್ದಾರೆ.

ಕೆಂಪು ನೆಲ ಹೋದದ್ದು ಒಂದೇ ಏಟಿಗಲ್ಲ. ಮೊದಲು ಮೊಸಾಯಿಕ್ ಬಂತು. ಸಿಮೆಂಟು ಧಾರಾಳವಾಗಿ ಸಿಗತೊಡಗಿದ ಹೊತ್ತಿಗೆ ಸಿಮೆಂಟೇ ಬದಲಾಗಿತ್ತು. 1987ರಲ್ಲಿ 53 ಗ್ರೇಡಿಗೆ ಮಾನಕ ಬಂತು. ನುಣ್ಣಗೆ ಬೀಸಿದ, ಬೇಗ ಗಟ್ಟಿಯಾಗುವ ಸಿಮೆಂಟದು. ಕಂಬ, ತೊಲೆಗೆ ಬಹಳ ಒಳ್ಳೆಯದು. ಆದರೆ ನಿಧಾನಕ್ಕೆ ಕಾದು ಕೆಲಸ ಮಾಡುವ ನೆಲಕ್ಕೆ ಹೊಂದಲಿಲ್ಲ. ಹಳೆಯ ಕೈಯಳತೆಯಲ್ಲೇ ಕಲಸಿದರು, ಬಿರುಕು ಬಿಟ್ಟಿತು. “ಮೇಸ್ತ್ರಿ ಕೆಟ್ಟ” ಅಂದರು ಜನ. ನಿಜವಾಗಿ ಬದಲಾದದ್ದು ಮೂಟೆಯೊಳಗಿನ ಪುಡಿ. ಆಮೇಲೆ ಗ್ರಾನೈಟ್, ಅದರ ಹಿಂದೆಯೇ ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ವಿಟ್ರಿಫೈಡ್ ಟೈಲ್ಸ್. ಎರಡು ದಿನದಲ್ಲಿ ಮನೆಯ ನೆಲ ಮುಗಿಯುತ್ತದೆ, ನೀರು ಕಟ್ಟುವ ರಗಳೆಯಿಲ್ಲ, ಉಜ್ಜುವ ಕೆಲಸವಿಲ್ಲ. ಮಂಡಿ ನೋವಿನ ಹೆಂಗಸರು ಟೈಲ್ಸ್ ಬೇಕೆಂದರೆ ತಪ್ಪೇನು? ನಮ್ಮ ಮನೆಗೂ ಅಮ್ಮ ಟೈಲ್ಸನ್ನೇ ಕೇಳಿದರು. ಅಪ್ಪ ಮಾತಾಡದೆ ಹಾಕಿಸಿದರು.

ಟೈಲ್ಸ್ ಬಂದ ಮೇಲೆ ಕಸುಬಿಗೆ ಆದ ಪೆಟ್ಟು ಕೂಲಿ ಹೋದದ್ದಷ್ಟೇ ಅಲ್ಲ. ಕೆಳಗಿನ ಗಾರೆ ಹೇಗಿದ್ದರೂ ಮೇಲೆ ಮುಚ್ಚುತ್ತದೆ ಎಂದಾದ ಮೇಲೆ ಗಾರೆಯನ್ನು ಅಂದವಾಗಿ ಮುಗಿಸುವ ಅಭ್ಯಾಸವೇ ಹೋಯಿತು. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವನಿಗೂ ಉಕ್ಕಿನ ಕರಣೆ ತಿಕ್ಕಿ ಹೊಳಪು ತರಲು ಬಾರದು. ನನಗೆ ಬಹಳ ನೋವಾದದ್ದು ಇದಕ್ಕೆ.

ನಡುವೆ ಕೆಲವು ವರ್ಷ ನೆಲಕ್ಕೆ ಪೇಂಟು ಹೊಡೆಯುವ ಚಾಳಿಯೂ ನಡೆಯಿತು. ಮಾಸಿದ ಕೆಂಪು ನೆಲದ ಮೇಲೆ ಹೊಳೆಯುವ ಬಣ್ಣ. ಮಲೆನಾಡಿನ ನೆಲ ಕೆಳಗಿನಿಂದ ತೇವ ಎಳೆಯುತ್ತದೆ. ಆ ತೇವ ಹೊರಬರಲು ದಾರಿಯಿಲ್ಲದೆ ಬಣ್ಣವನ್ನೇ ಬೊಬ್ಬೆ ಎಬ್ಬಿಸಿ ಕಿತ್ತಿತು. ಒಳ್ಳೆಯ ಆಕ್ಸೈಡ್ ನೆಲಗಳನ್ನು ಹಾಗೆ ಹಾಳು ಮಾಡಿಸಿಕೊಂಡವರನ್ನು ಕಂಡು ಮರುಗಿದ್ದೇನೆ.

ನೀರಿನಲ್ಲಿ ಕಲಸುವ ಕಾಂಕ್ರೀಟ್ ಸ್ಟೇನ್ ಎಂಬುದು ಈ ಕಡೆ ಬಂದಾಗ ಇದೂ ಇನ್ನೊಂದು ಪೇಂಟೇ ಅಂದುಕೊಂಡವರೇ ಹೆಚ್ಚು. ಅಲ್ಲ. ಬಹಳ ಸಣ್ಣ ಬಣ್ಣದ ಕಣಗಳು, ಅವನ್ನು ಹಿಡಿದಿಡಲು ಸ್ವಲ್ಪ ಅಕ್ರಿಲಿಕ್, ಉಳಿದದ್ದು ನೀರು. ಸಿಮೆಂಟಿನ ಕಣ್ಣಿಗೆ ಇಳಿಯುತ್ತದೆ, ಚೊಗರು ಇಳಿದಂತೆಯೇ. ಆಸಿಡ್ ಸ್ಟೇನ್ ಬೇರೆ. ಅದರಲ್ಲಿ ಲೋಹದ ಲವಣಗಳು ಆಮ್ಲದ ಜೊತೆ ಸಿಮೆಂಟಿನ ಸುಣ್ಣವನ್ನು ಕಚ್ಚಿ ಬಣ್ಣ ಕೊಡುತ್ತವೆ. ಚೆಂದವೇನೋ ಹೌದು, ಆದರೆ ಹೊಗೆ, ಉರಿ, ಮಕ್ಕಳಿರುವ ಮನೆಯಲ್ಲಿ ಬೇಡ ಎಂದು ನಾನು ಹೇಳುತ್ತೇನೆ. ನೀರಿನದ್ದು ಮನೆಯವರೇ ಮಾಡಿಕೊಳ್ಳುವಂಥದ್ದು.

ನನ್ನ ತಂಗಿ ಮಾಡಿಕೊಂಡಳು. ಹಿಂದಿನ ಜಗಲಿಯ ಒಡೆದ ಟೈಲ್ಸ್ ಕೀಳಿಸಿದಾಗ ಕೆಳಗೆ ಬೂದು ಸಿಮೆಂಟು ಸಿಕ್ಕಿತು. “ಅಣ್ಣಾ, ಇದಕ್ಕೇ ಬಣ್ಣ ಕುಡಿಸಿದ್ರೆ ಆಗಲ್ವಾ?” ಅಂದಳು. ಮೊದಲು ಅಲ್ಲಲ್ಲಿ ನೀರಿನ ಹನಿ ಬಿಟ್ಟು ನೋಡಿದೆವು. ನಿಮಿಷದೊಳಗೆ ಹೀರಿದ ಕಡೆ ಬಣ್ಣವೂ ಇಳಿಯುತ್ತದೆ. ಹನಿ ಮಣಿಯಾಗಿ ನಿಂತ ಕಡೆ ಎಣ್ಣೆಯೋ ಅಂಟೋ ಕೂತಿದೆ ಎಂದರ್ಥ, ಅಲ್ಲಿ ಉಜ್ಜಿ ಕಣ್ಣು ತೆರೆಸಬೇಕು. ರಾತ್ರಿ ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಟೇಪು ಹಾಕಿ ಅಂಟಿಸಿದೆವು. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಬೆವರು ಕಂಡಿದ್ದರೆ ಕೆಲಸ ಮುಂದಕ್ಕೆ ಹಾಕಬೇಕಿತ್ತು. ಮಾಗಿ ತಿಂಗಳಾದ್ದರಿಂದ ಕಾಣಲಿಲ್ಲ. ಹೊಸ ಸಿಮೆಂಟಾದರೆ 28 ದಿನವಾದರೂ ಬಿಡುವುದು ಒಳ್ಳೆಯದು. ಇದು ಹಳೆಯದು, ಆ ಚಿಂತೆ ಇರಲಿಲ್ಲ.

ಇಟ್ಟಿಗೆ ಕೆಂಪಿಗೆ ಸ್ವಲ್ಪ ಕಂದು ಸೇರಿಸಿ, ತೆಳ್ಳಗೆ ಮಾಡಿ, ಸ್ಪಂಜಿನಲ್ಲಿ ಹಚ್ಚಿದಳು. ದಪ್ಪಗೆ ಒಂದು ಸಲ ಹಚ್ಚುವ ಬದಲು ತೆಳ್ಳಗೆ ಎರಡು ಸಲ. ಮೊದಲ ಕೈ ಒಣಗಿದಾಗ ಕರಣೆ ಓಡಾಡಿದ ಅರ್ಧಚಂದ್ರದ ಗುರುತುಗಳು ಒಂದೊಂದಾಗಿ ಎದ್ದು ಬಂದವು. ಯಾವ ಕಾಲದ ಮೇಸ್ತ್ರಿಯೋ, ಟೈಲ್ಸಿನ ಅಡಿಗೆ ಹೋಗುವ ಗಾರೆಯನ್ನೂ ಅಷ್ಟು ಅಚ್ಚುಕಟ್ಟಾಗಿ ತಿಕ್ಕಿದ್ದ. ಟೈಲ್ಸಿನ ಅಂಟು ಬಿಡದ ಎರಡು ಕಡೆ ಬಣ್ಣ ಹಿಡಿಯಲಿಲ್ಲ. ಅಲ್ಲಿ ತುಳಸಿ ಕುಂಡ ಇಟ್ಟಳು. ಮೇಲೆ ಹೊಳಪಿಲ್ಲದ ಸೀಲರ್ ಎರಡು ಕೈ. ಅದಿಲ್ಲದಿದ್ದರೆ ಓಡಾಡುವ ದಾರಿಯಲ್ಲಿ ಬಣ್ಣ ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಸೀಲರನ್ನು ಮತ್ತೆ ಹಚ್ಚಲೂ ಬೇಕು.

ಅಪ್ಪನ ನೆಲಕ್ಕೆ ಇದು ಸಮವೇ ಎಂದು ಕೇಳಿದರೆ ಅಲ್ಲ ಎಂದೇ ಹೇಳುತ್ತೇನೆ. ಆ ಕೆಂಪಿನ ಆಳ ಇದಕ್ಕಿಲ್ಲ. ಆದರೆ ಪೇಂಟಿಗೂ ಟೈಲ್ಸಿಗೂ ಇಲ್ಲದ ಒಂದು ಗುಣ ಇದಕ್ಕಿದೆ: ಕೆಳಗಿನದನ್ನು ಮುಚ್ಚುವುದಿಲ್ಲ. ಒಳ್ಳೆಯ ಕೈಕೆಲಸ ಒಳ್ಳೆಯದಾಗಿಯೇ ಕಾಣುತ್ತದೆ, ಕೆಟ್ಟದ್ದು ಕೆಟ್ಟದಾಗಿ. ಇದರಿಂದ ನಾನು ಎಣಿಸದ ಒಂದು ಬದಲಾವಣೆ ಆಗಿದೆ. ಈಚೆಗೆ ಮನೆ ಕಟ್ಟಿಸುವವರಲ್ಲಿ ಕೆಲವರು, “ನೆಲಕ್ಕೆ ಬಣ್ಣ ನಾವೇ ಹಚ್ಕೋತೀವಿ, ನೀವು ಸಿಮೆಂಟು ಮಾತ್ರ ನೀಟಾಗಿ ಮಾಡಿಕೊಡಿ” ಅನ್ನುತ್ತಾರೆ. ನೀಟಾಗಿ ಮಾಡಲು ಬರುವವರು ಬೇಕಲ್ಲ! ಹಾಗಾಗಿ ನಮ್ಮ ಜೊತೆಗಿರುವ ಹುಡುಗರನ್ನು, ಗಾರೆ ಕಲಸುವ ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ಕರಣೆ ತಿಕ್ಕುವುದು ಕಲಿಸುತ್ತಿದ್ದೇನೆ. ಮರಳು ಈಗ ಎಂ-ಸ್ಯಾಂಡ್, ಸಿಮೆಂಟು ಹಾರುಬೂದಿ ಸೇರಿದ್ದು. ಹಳೆಯ ಲೆಕ್ಕ ನಡೆಯುವುದಿಲ್ಲ, ನೀರಿನ ಹದವನ್ನು ಮೊದಲಿಂದ ಹುಡುಕಬೇಕು. ಆ ಇಬ್ಬರಲ್ಲಿ ಒಬ್ಬಾಕೆಗೆ ಕೈ ಚೆನ್ನಾಗಿ ಕೂತಿದೆ. ಮುಂದಿನ ಮನೆಯ ನಡುಮನೆ ನೆಲವನ್ನು ಅವಳೇ ಮುಗಿಸುತ್ತಾಳೆ, ಮೇಸ್ತ್ರಿಯ ಕೂಲಿಗೆ.