ಹೊಸ ಗಡಿಗೆ

ಮೂರೂವರೆ ವರ್ಷದ ಕೂಸಿಗೆ ಹಬ್ಬವನ್ನು ಕಲಿಸುವುದು ಹೇಗೆಂಬುದು ನಮಗೆ ಗೊತ್ತಿದೆಯೆಂದೇ ನಾವು ಬಹುಕಾಲ ನಂಬಿದ್ದೆವು. 2024ರ ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಮ್ಮ ಮೊಮ್ಮಗಳು ಪೂಜೆಗಿಟ್ಟ ಎತ್ತನ್ನು ಬಚ್ಚಲಿಗೊಯ್ದು ಬಕೀಟಿನಲ್ಲಿ ನೀರು ಕುಡಿಸಿದಳು. ಎತ್ತು ಕರಗಿತು, ನಾವು ಗದರಿದೆವು. ಅಂದಿನಿಂದ ದೇವರ ಮನೆಯ ಹೊಸ್ತಿಲು ದಾಟಲು ಅವಳಿಗೆ ಅಂಜಿಕೆ. ತಪ್ಪು ಯಾರದೆಂಬುದು ತಿಳಿಯಬೇಕಾದರೆ ನೆರೆಮನೆಗೆ ಯೆಹೂದಿ ಅಜ್ಜಿಯೊಬ್ಬರು ಬರಬೇಕಾಯಿತು.

ಅವರು ಠಾಣೆಯವರು; ಬೆನೆ ಇಸ್ರಾಯೇಲ್ ಪಂಗಡದವರು. ಮಗನಿಗೆ ಬೆಳಗಾವಿಗೆ ವರ್ಗವಾದುದರಿಂದ ಟಿಳಕವಾಡಿಯಲ್ಲಿ ನಮ್ಮ ಪಕ್ಕದ ಮನೆ ಹಿಡಿದಿದ್ದರು. ಮನೆಮಾತು ಮರಾಠಿ; ಆದಕಾರಣ ನಮ್ಮೂರಿನಲ್ಲಿ ಅವರಿಗೆ ಮಾತಿನ ಕೊರತೆಯಾಗಲಿಲ್ಲ. ಹಡಗೊಡೆದು ಕೊಂಕಣದ ನವಗಾಂವದ ದಂಡೆಗೆ ಬಂದು ಬಿದ್ದವರು ತಮ್ಮ ಪೂರ್ವಜರೆಂದು ಇವರಲ್ಲಿ ಐತಿಹ್ಯವುಂಟು. ಗಾಣ ಹೂಡಿ ಎಣ್ಣೆ ತೆಗೆದು ಬದುಕಿದರು. ಶನಿವಾರ ಗಾಣ ನಿಲ್ಲಿಸುವರಾದ್ದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಹೀಬ್ರೂ ಭಾಷೆ ಮರೆತುಹೋಯಿತು, ಹಬ್ಬಗಳು ಮಾತ್ರ ಉಳಿದವು. ಅವು ಉಳಿದ ಬಗೆಯು ಆ ಹಳೆಯ ಮರಾಠಿ ಹೆಸರುಗಳಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಒಂದು ಪಾಯಸದ ಹಬ್ಬ, ಒಂದು ಬಾಗಿಲು ಮುಚ್ಚುವ ಹಬ್ಬ. ಜೆರೂಸಲೇಮಿನ ದೇವಾಲಯವು ನಾಶವಾದ ಶೋಕದ ದಿನಕ್ಕೂ ಮೊಳಕೆ ಕಾಳಿನ ಹೆಸರೇ! ವಸಂತದ ಪೇಸಾಖ್ ಹಬ್ಬಕ್ಕೆ ‘ಹುಳಿಯ ಪಾತ್ರೆ ಮುಚ್ಚುವ ಹಬ್ಬ’ವೆಂದು ಹೆಸರು. ಕಣ್ಣಿಗೆ ಕಾಣದ, ನಾಲಗೆಗೆ ಎಟುಕದ ಹೆಸರು ಒಂದಾದರೂ ಇದೆಯೇ?

2025ರಲ್ಲಿ ಪೇಸಾಖ್ ಏಪ್ರಿಲ್ 12ರ ಸಂಜೆ ಮೊದಲಾಗುವುದಿತ್ತು. ನಮಗದು ದವನದ ಹುಣ್ಣಿಮೆ. ಈಜಿಪ್ಟಿನ ದಾಸ್ಯದಿಂದ ಹೊರಟ ಜನರಿಗೆ ಹಿಟ್ಟು ಹುದುಗೇಳುವಷ್ಟೂ ಪುರಸತ್ತು ಇರಲಿಲ್ಲವಾದ್ದರಿಂದ ಆ ದಿನಗಳಲ್ಲಿ ಹುದುಗಿದ ರೊಟ್ಟಿ ನಿಷಿದ್ಧ. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುವರು. ಮಣ್ಣಿನ ಗಡಿಗೆಯನ್ನು ಮಾತ್ರ ಎಷ್ಟು ತೊಳೆದರೂ ಶುದ್ಧವಾಗದು, ಹೊಸದನ್ನೇ ತರಬೇಕು. ಗಡಿಗೆಯೆಂದಮೇಲೆ ಖಾನಾಪುರವಲ್ಲದೆ ಮತ್ತೆಲ್ಲಿ? ಅದು ನಮ್ಮ ಮನೆಯಾಕೆಯ ತವರೂರು ಬೇರೆ.

ಎರಡು ಮಕ್ಕಳನ್ನೂ ಕಟ್ಟಿಕೊಂಡು ರೈಲು ಹತ್ತಿದೆವು. ದೇಸೂರು, ಇದಲಹೊಂಡ ದಾಟುವವರೆಗೂ ಅಜ್ಜಿ ಒಂದು ಮಾತನ್ನೂ ಬೋಧಿಸಲಿಲ್ಲ. ಕುಂಬಾರರ ಅಂಗಳದಲ್ಲಿ ಬೆರಳ ಗೆಣ್ಣಿನಿಂದ ಗಡಿಗೆಯನ್ನು ತಟ್ಟಿ ನಾದ ಕೇಳುವುದನ್ನು ತೋರಿಸಿ, “ಒಡಕಿನದು ಬೇಡ, ಚೆನ್ನಾಗಿ ಹಾಡುವುದನ್ನು ಆರಿಸು” ಎಂದು ಮೊಮ್ಮಗನಿಗೆ ಬಿಟ್ಟುಕೊಟ್ಟರು. ಅವನು ಆ ಅಂಗಳದ ಒಂದೊಂದು ಗಡಿಗೆಯನ್ನೂ ತಟ್ಟಿದನು. ನಮ್ಮವಳು ಅವನ ಹಿಂದೆ ಮತ್ತೊಮ್ಮೆ ತಟ್ಟಿದಳು. ಒಂದು ಗಂಟೆ ಕಳೆಯಿತು. ಕುಂಬಾರ ಮಹಾಶಯನು ನಗುತ್ತ, “ತಮ್ಮಾ, ಇದು ನಿನಗ” ಎಂದು ಒಂದು ಪುಟ್ಟ ಕುಡಿಕೆಯನ್ನೂ ಕೊಟ್ಟನು.

ಮರಳಿ ಬರುವಾಗ ಅಜ್ಜಿ ತಮ್ಮ ಚಿಂತೆಯನ್ನು ಹೇಳಿಕೊಂಡರು. 1948ರ ಸುಮಾರಿಗೆ ಇಪ್ಪತ್ತು ಸಾವಿರದಷ್ಟಿದ್ದ ಅವರ ಜನ ಬಹುಮಟ್ಟಿಗೆ ಇಸ್ರಾಯೇಲಿಗೆ ಹೋಗಿ, ಭಾರತದಲ್ಲಿ ಈಗ ಕೆಲವೇ ಸಾವಿರ ಉಳಿದಿರುವರು. ಮಗಳು ಅಶ್ದೋದಿನಲ್ಲಿರುವಳು. ಠಾಣೆಯಲ್ಲಿಯಾದರೆ 1879ರ ಪ್ರಾರ್ಥನಾಮಂದಿರವಿದೆ, ಓರಗೆಯ ಮಕ್ಕಳಿರುವರು. ಇಲ್ಲಿ ಕೂಸಿಗೆ ಮನೆಯೊಂದೇ. ಹಬ್ಬದ ರಾತ್ರಿ ಮನೆಯ ಅತಿ ಕಿರಿಯನು ‘ಈ ರಾತ್ರಿ ಯಾತಕ್ಕೆ ಬೇರೆ’ ಎಂದು ಕೇಳಬೇಕು. ಕೇಳಿದ ಮೇಲೆಯೇ ಹಿರಿಯರು ಕಥೆ ಹೇಳಬೇಕು. “ಕೇಳುವವನೇ ಇಲ್ಲದಿದ್ದರೆ ನಾನು ಯಾರಿಗೆ ಹೇಳಲಿ?” ಎಂದರು.

ಅಂದು ಶನಿವಾರ. ವಿಶ್ರಾಂತಿಯ ದಿನ ಮುಗಿಯಲೆಂದು ನಕ್ಷತ್ರ ಮೂಡುವವರೆಗೆ ಕಾದು, ಕರೆದಂತೆ ಅವರ ಮನೆಗೆ ಹೋದೆವು. ದ್ರಾಕ್ಷಾರಸದ ಸ್ಥಾನದಲ್ಲಿ ಒಣದ್ರಾಕ್ಷಿ ನೆನೆಯಿಟ್ಟು ಹಿಂಡಿದ ಶರಬತ್ತು. ಹುದುಗಿಲ್ಲದ ತೆಳ್ಳನೆಯ ರೊಟ್ಟಿ. ನಡುವೆ ಖಾನಾಪುರದ ಗಡಿಗೆ. ಒಂದು ತಿಂಗಳಿಂದ ಪ್ರಶ್ನೆಯನ್ನು ಬಾಯಿಪಾಠ ಮಾಡಿದ್ದ ಹುಡುಗನು ಅಷ್ಟು ಮುಖಗಳನ್ನು ಕಂಡೊಡನೆ ತಾಯಿಯ ಸೆರಗಿನಲ್ಲಿ ತಲೆ ಹುದುಗಿಸಿಬಿಟ್ಟನು. ರಮಿಸಿದರು, ಏಳಲಿಲ್ಲ. “ಇರಲಿ ಆಯಿ, ನಾನೇ ಓದುವೆನು” ಎಂದನು ಮಗ. ಅಜ್ಜಿ ಬೇಡವೆಂದು ಕೈಸನ್ನೆ ಮಾಡಿ ಸುಮ್ಮನೆ ಕುಳಿತರು. ಗದರಲಿಲ್ಲ. ಆ ಮೌನವು ನಮಗೆ ಬಹಳ ದೀರ್ಘವೆನಿಸಿತು.

ಬಹಳ ಹೊತ್ತಿಗೆ ಸೆರಗಿನಿಂದ ಒಂದು ಕಣ್ಣು ಹೊರಬಂದಿತು. “ಆಜೀ, ನಮ್ಮ ಹಳೇ ಗಡಿಗೆ ಎಲ್ಲಿ ಹೋಯಿತು?”

ಗ್ರಂಥದ ಪ್ರಶ್ನೆ ಅದಲ್ಲ. ಆದರೆ ಅಜ್ಜಿ ಕಣ್ಣೊರೆಸಿಕೊಂಡು, ಅಲ್ಲಿಂದಲೇ ಈಜಿಪ್ಟಿಗೆ ಹೊರಟರು.

ಅಡಗಿಸಿಟ್ಟ ರೊಟ್ಟಿಯ ತುಣುಕನ್ನು ಮಕ್ಕಳು ಹುಡುಕಿ ತರುವುದೊಂದು ಪದ್ಧತಿ. ಅದನ್ನು ಪತ್ತೆ ಮಾಡಿದವಳು ನಮ್ಮ ಮೊಮ್ಮಗಳು. ಹತ್ತು ರೂಪಾಯಿಯ ಹೊಸ ನೋಟನ್ನು ಮೂರು ದಿನ ಮುಷ್ಟಿಯಿಂದ ಬಿಡಲಿಲ್ಲ.

ಆ ವರ್ಷ ಜ್ಯೇಷ್ಠದ ಅಮಾವಾಸ್ಯೆಗೆ ನಾವು ಮಣ್ಣನ್ನು ಹೆಚ್ಚಾಗಿಯೇ ತರಿಸಿದೆವು. ಎತ್ತುಗಳಿಗೆ ನೀರು ಬೇಕಲ್ಲವೇ ಎಂದು ನಾವಾಗಿಯೇ ಮೊಮ್ಮಗಳನ್ನು ಕೇಳಿದೆವು. ಅವಳು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು, ಪಕ್ಕದ ಮನೆಗೆ ಓಡಿದಳು. ಹುಡುಗನು ತನ್ನ ಕುಡಿಕೆಯ ತುಂಬ ನೀರು ತಂದನು. ಇಬ್ಬರೂ ಒಳಗೆ ಬಂದು ಎತ್ತುಗಳ ಮುಂದೆ ಕುಳಿತರು. ಕುಡಿಕೆ ಮಣ್ಣುಮಯವಾಯಿತು. ಇನ್ನು ಇದು ಪೇಸಾಖ್ ಹಬ್ಬಕ್ಕೆ ಬರುವುದೋ ಇಲ್ಲವೋ ಎಂದು ನಾವು ಸಂಕೋಚದಿಂದ ಕೇಳಲು, ಅಜ್ಜಿ ನಕ್ಕು, “ಮುಂದಿನ ವರ್ಷವೂ ಖಾನಾಪುರಕ್ಕೆ ರೈಲು ಇದ್ದೇ ಇದೆಯಲ್ಲ” ಎಂದರು.