ಅಂಗನವಾಡಿಯ ಬೀಳ್ಕೊಡುಗೆ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ನಮ್ಮ ಪಕ್ಕದ ತಿ. ನರಸೀಪುರ. ಇಂದು ಚಾಮರಾಜನಗರ, ಗುಂಡ್ಲುಪೇಟೆಯ ಓಣಿಗಳಲ್ಲೂ ಅಂಗನವಾಡಿಗಳಿವೆ. ಮನೆಯಲ್ಲಿ ಉರ್ದು ಆಡುವ ನಮ್ಮ ಎಷ್ಟೋ ಮಕ್ಕಳು ಕನ್ನಡದ ಮೊದಲ ಮಾತು ಕಲಿಯುವುದು ಅಲ್ಲಿಯ ಚಾಪೆಯ ಮೇಲೆಯೇ. ಸಾಲಾಗಿ ಕೂತು ಅನ್ನ-ಸಾರು ಉಣ್ಣುವಾಗ ಯಾರ ಮಗು ಯಾವ ಬೀದಿಯದೆಂದು ಅವು ಕೇಳುವುದಿಲ್ಲ.

ವರ್ಷದ ಕೊನೆಗೆ ದೊಡ್ಡ ಮಕ್ಕಳನ್ನು ಬೀಳ್ಕೊಡುವಾಗ ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ನಮಗೆ ಕಾಣುವುದು ಇನ್ನೊಂದು ಅಗಲಿಕೆ. ಜೂನ್ ಬಂದರೆ ಒಬ್ಬ ಉರ್ದು ಶಾಲೆಗೆ, ಒಬ್ಬಳು ಕನ್ನಡ ಶಾಲೆಗೆ, ಅನುಕೂಲಸ್ಥರ ಮಗು ಕಾನ್ವೆಂಟಿನ ವ್ಯಾನಿಗೆ. ಎರಡೂ ಭಾಷೆಯಲ್ಲಿ ಓದಿದ ನಮಗೆ ಯಾವ ಶಾಲೆಯ ಮೇಲೂ ದೂರಿಲ್ಲ. ಆದರೆ ಆ ಗೆಳೆತನ ಅಲ್ಲಿಗೇ ಮುಗಿಯಬೇಕೆ? ಈದ್‌ಗೋ ಯುಗಾದಿಗೋ ಒಬ್ಬರ ಮನೆಗೆ ಒಬ್ಬರ ಮಕ್ಕಳನ್ನು ಕಳುಹಿಸುವುದು ದೊಡ್ಡವರಾದ ನಮ್ಮ ಕೈಯಲ್ಲೇ ಇದೆ.